ಬಯಲುಸೀಮೆಯ ಬಣ್ಣಗಳು: ಪೀಣ್ಯದಿಂದ ಸಂಡೂರಿಗೆ ಮೂರು ದಿನ

ಪೀಣ್ಯದಲ್ಲಿ ಯಂತ್ರಗಳೆಲ್ಲ ಒಟ್ಟಿಗೆ ಸುಮ್ಮನಾಗುವುದು ವರ್ಷಕ್ಕೊಂದೇ ಸಲ, ಆಯುಧಪೂಜೆಗೆ. ಲೇತು, ಡ್ರಿಲ್ಲಿಂಗ್ ಮೆಷಿನ್ನು, ಗ್ರೈಂಡರ್ ಎಲ್ಲಕ್ಕೂ ಅರಿಶಿನ ಕುಂಕುಮ ಹಚ್ಚಿ, ಬಾಳೆಕಂದು ಕಟ್ಟಿ, ಗೇಟಿನ ಮುಂದೆ ಬೂದುಗುಂಬಳ ಒಡೆದು, ಹುಡುಗರಿಗೆ ಬೋನಸ್ಸು, ಸ್ವೀಟ್ ಬಾಕ್ಸು, ಕಡ್ಲೆಪುರಿ ಕೊಟ್ಟು ಶಟರ್ ಎಳೆದರೆ ಮತ್ತೆ ತೆಗೆಯುವುದು ಮೂರ್ನಾಲ್ಕು ದಿನ ಬಿಟ್ಟೇ. ಬೇಗ ತೆಗೆದರೂ ಕೆಲಸಕ್ಕೆ ಜನ ಇರಲ್ಲ, ಎಲ್ಲ ಊರಿಗೆ ಹೋಗಿರುತ್ತಾರೆ. ಯಾವ ಊರು ಅಂತ ಕೇಳಿ ನೋಡಿ. ಪಾವಗಡ, ಮಧುಗಿರಿ, ಶಿರಾ, ಹಿರಿಯೂರು, ಚಳ್ಳಕೆರೆ, ಕೂಡ್ಲಿಗಿ. ಹಬ್ಬದ ಹಿಂದಿನ ರಾತ್ರಿ ಗೊರಗುಂಟೆಪಾಳ್ಯದಿಂದ ಎಂಟನೇ ಮೈಲಿವರೆಗೆ ತುಮಕೂರು ರಸ್ತೆಯ ಪಕ್ಕದಲ್ಲಿ ಬ್ಯಾಗು ಹಿಡಿದು ನಿಂತ ಜನರನ್ನು ಸಾಲಾಗಿ ಕೇಳುತ್ತಾ ಹೋದರೆ ರಾಜ್ಯದ ಒಣತಾಲ್ಲೂಕುಗಳ ಪಟ್ಟಿ ಅಲ್ಲೇ ಸಿಕ್ಕಿಬಿಡುತ್ತದೆ.

ನಮ್ಮದು ಪೀಣ್ಯ ಎರಡನೇ ಹಂತದಲ್ಲಿ ಸಣ್ಣದೊಂದು ವರ್ಕ್‌ಶಾಪ್. ಯಜಮಾನರು ಕೆಲಸ ನೋಡಿಕೊಳ್ಳುತ್ತಾರೆ, ಲೆಕ್ಕಪತ್ರ ನನ್ನದು. 2023ರ ದಸರಾದಲ್ಲಿ ನಾವೂ ಆ ದಾರಿ ಹಿಡಿದೆವು. ಕಾರಣ ನನ್ನ ತಮ್ಮ. ವೈಟ್‌ಫೀಲ್ಡ್‌ನ ಕಂಪನಿಯೊಂದರಲ್ಲಿದ್ದವನು ಈಗ ಅಮೆರಿಕದ ಫೀನಿಕ್ಸ್‌ನಲ್ಲಿದ್ದಾನೆ. ರಜೆ ಸಿಕ್ಕರೆ ಕಾರು ಹತ್ತಿ ಮರುಭೂಮಿ ಸುತ್ತುತ್ತಾನೆ. ಆ ಸಲ ಅರಿಜೋನಾದ ‘ಪೇಂಟೆಡ್ ಡೆಸರ್ಟ್’ಗೆ ಹೋಗಿ ಮನೆಯ ವಾಟ್ಸ್ಯಾಪ್ ಗ್ರೂಪಿಗೆ ನಲವತ್ತು ಫೋಟೊ ಹಾಕಿದ್ದ. ಕೆಂಪು, ಗುಲಾಬಿ, ಬೂದಿ, ನೇರಳೆ ಪಟ್ಟೆಪಟ್ಟೆಯಾದ ಗುಡ್ಡಗಳು. ಯಾರೋ ಸೀರೆ ಒಣಗಲು ಹರವಿದ ಹಾಗಿತ್ತು. ಡಿಗ್ರಿ ಮೊದಲ ವರ್ಷದ ನನ್ನ ಮಗಳು ಅದನ್ನು ನೋಡಿದ್ದೇ, “ನಮ್ಮಲ್ಲಿ ಇಂಥದ್ದು ಯಾಕಿಲ್ಲ? ರಾಜಸ್ಥಾನಕ್ಕಾದ್ರೂ ಹೋಗೋಣ” ಅಂತ ಶುರುಮಾಡಿದಳು. ಮೂರು ದಿನದ ರಜೆಯಲ್ಲಿ ಜೈಸಲ್ಮೇರ್‌ಗೆ ಹೋಗಿ ಬರುವುದು ಎಲ್ಲಿಯ ಮಾತು?

ಆಗ ಅತ್ತೆ, ಟಿ.ವಿ. ಕಡೆಯಿಂದ ಕಣ್ಣು ತೆಗೆಯದೆ, “ಮರುಭೂಮಿ ನೋಡೋಕೆ ಅಷ್ಟು ದೂರ ಯಾಕೆ, ನಮ್ಮೂರಿಗೆ ಹೋಗಿ” ಅಂದರು. ಅವರ ಊರು ಪಾವಗಡ ತಾಲ್ಲೂಕಿನ ತಿರುಮಣಿ ಕಡೆ.

ನಿಜ ಹೇಳಬೇಕೆಂದರೆ ಕರ್ನಾಟಕದಲ್ಲಿ ಮರುಭೂಮಿ ಇಲ್ಲ. ಜೈಸಲ್ಮೇರ್‌ನಲ್ಲಿ ವರ್ಷಕ್ಕೆ 200 ಮಿ.ಮೀ. ಮಳೆಯೂ ಬೀಳುವುದಿಲ್ಲ, ನಮ್ಮ ಪಾವಗಡ, ಚಳ್ಳಕೆರೆ, ಮೊಳಕಾಲ್ಮೂರು, ಬಳ್ಳಾರಿ ಸಾಲಿನಲ್ಲಿ ಸುಮಾರು 500 ಮಿ.ಮೀ. ಬೀಳುತ್ತದೆ. ಆದರೆ ಅದೇ ರಾಜ್ಯದ ಆಗುಂಬೆಯಲ್ಲಿ 7,000 ಮಿ.ಮೀ. ದಾಟುತ್ತದೆ ಅನ್ನುವುದನ್ನು ಪಕ್ಕದಲ್ಲಿಟ್ಟು ನೋಡಿ. ಅರಬ್ಬಿ ಸಮುದ್ರದಿಂದ ಬರುವ ಮೋಡ ತನ್ನ ಗಂಟನ್ನೆಲ್ಲ ಮಲೆನಾಡಿನಲ್ಲಿ ಬಿಚ್ಚಿ, ಇಲ್ಲಿಗೆ ಬರುವಷ್ಟರಲ್ಲಿ ಬರೀ ಗಾಳಿಯಾಗಿರುತ್ತದೆ. ನಾವು ಹೋದ ವರ್ಷವಂತೂ ಮಳೆ ಪೂರ್ತಿ ಕೈಕೊಟ್ಟಿತ್ತು. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಸರ್ಕಾರವೇ ಘೋಷಿಸಿದ ವರ್ಷ ಅದು.

ವಿಜಯದಶಮಿಯ ಬೆಳಿಗ್ಗೆ ಐದೂವರೆಗೆ ಹೊರಟೆವು. ಪ್ರಯಾಣಕ್ಕೆ ಮುಹೂರ್ತ ನೋಡಬೇಕಿಲ್ಲದ ದಿನ. ದಾಬಸ್‌ಪೇಟೆಯಲ್ಲಿ ಹೆದ್ದಾರಿ ಬಿಟ್ಟು ಬಲಕ್ಕೆ ತಿರುಗಿ ಕೊರಟಗೆರೆ, ಮಧುಗಿರಿ. ಮಧುಗಿರಿಯ ಏಕಶಿಲಾ ಬೆಟ್ಟದ ಬಗ್ಗೆ ಇದೇ ಅಂಕಣದಲ್ಲಿ ಹಲವರು ಬರೆದಿದ್ದಾರೆ, ನಾನು ಹತ್ತಲೂ ಇಲ್ಲ, ಹಾಗಾಗಿ ಬಿಡುತ್ತೇನೆ. ಆದರೆ ಮಧುಗಿರಿ ದಾಟಿದ ಮೇಲೆ ಒಂದು ತಮಾಷೆ ಇದೆ. ಪಾವಗಡ ತುಮಕೂರು ಜಿಲ್ಲೆಯದೇ ತಾಲ್ಲೂಕಾದರೂ ಜಿಲ್ಲೆಯ ಉಳಿದ ಭಾಗಕ್ಕೆ ಅಂಟಿಕೊಂಡಿಲ್ಲ. ನಡುವೆ ಆಂಧ್ರ. ನಮ್ಮ ಜಿಲ್ಲೆಯಿಂದ ನಮ್ಮ ಜಿಲ್ಲೆಗೇ ಹೋಗಲು ಮಡಕಶಿರಾ ಕಡೆಯ ಆಂಧ್ರದ ನೆಲ ತುಳಿಯಬೇಕು. ಬೋರ್ಡು ತೆಲುಗಿಗೆ ತಿರುಗುತ್ತದೆ, ಮತ್ತೆ ಕನ್ನಡಕ್ಕೆ ಬರುತ್ತದೆ. ಚಾ ಅಂಗಡಿಯಲ್ಲಿ ಮಾತ್ರ ಎರಡೂ ಕಡೆ ಎರಡೂ ಭಾಷೆ. ನಮ್ಮ ಅತ್ತೆ ಬೈಯುವುದು ತೆಲುಗಿನಲ್ಲಿ, ಮುದ್ದು ಮಾಡುವುದು ಕನ್ನಡದಲ್ಲಿ. ಅವರ ತಂಗಿ ಇದರ ತಿರುಗುಮುರುಗು.

ಬಣ್ಣ ಶುರುವಾಗುವುದೂ ಇಲ್ಲಿಂದಲೇ. ಕೊರಟಗೆರೆಯ ತೆಂಗು ಅಡಿಕೆ ಹಿಂದೆ ಬಿದ್ದು, ನೆಲ ಮೊದಲು ಇಟ್ಟಿಗೆ ಬಣ್ಣಕ್ಕೆ, ಆಮೇಲೆ ಕೇಸರಿಗೆ ತಿರುಗುತ್ತದೆ. ಅದರ ಮೇಲೆ ಬೂದು ಬಂಡೆಗಳು, ಬಂಡೆಯ ಸಂದಿಯಲ್ಲಿ ಹಳದಿ ತಂಗಡಿ ಹೂವು. ಅಲ್ಲಲ್ಲಿ ಬೆಣಚುಕಲ್ಲಿನ ಬಿಳಿ ಚೂರುಗಳು ಸಕ್ಕರೆ ಚೆಲ್ಲಿದ ಹಾಗೆ. ಕೆಂಪಿಗೆ ಕಾರಣ ಕಬ್ಬಿಣ. ಕಲ್ಲು ಸವೆದು ಮಣ್ಣಾಗುವಾಗ ಅದರೊಳಗಿನ ಕಬ್ಬಿಣ ತುಕ್ಕು ಹಿಡಿದು ಕಣಕಣಕ್ಕೂ ಲೇಪದಂತೆ ಅಂಟುತ್ತದೆ. ಅರಿಜೋನಾದ ಗುಡ್ಡಗಳ ಕೆಂಪಿಗೂ ಇದೇ ಕಾರಣ. ತುಕ್ಕಿನ ವಿಷಯದಲ್ಲಿ ಪೀಣ್ಯದವರಿಗೆ ಯಾರೂ ಪಾಠ ಹೇಳಬೇಕಿಲ್ಲ ಅಂತ ಯಜಮಾನರು ನಕ್ಕರು.

ಪಾವಗಡದ ಶನಿಮಹಾತ್ಮನಿಗೆ ಕೈಮುಗಿದು, ಅತ್ತೆಯ ತಂಗಿಯ ಮನೆಯಲ್ಲಿ ಹುರುಳಿಸಾರು, ಮುದ್ದೆ, ಕಡಲೆಬೀಜದ ಚಟ್ನಿ ಉಂಡು ತಿರುಮಣಿ ಕಡೆ ಹೊರಟಾಗ ಮಧ್ಯಾಹ್ನ ಎರಡಾಗಿತ್ತು. ಅತ್ತೆ ಆ ಕಡೆ ಹೋಗದೆ ಆರು ವರ್ಷವಾಗಿತ್ತು. ಹೊಲ ಗುತ್ತಿಗೆಗೆ ಹೋದ ಮೇಲೆ ಅವರು ಬೆಂಗಳೂರಿಗೆ ಬಂದವರು, “ಅಲ್ಲೇನೈತೆ ನೋಡೋಕೆ” ಅಂತ ಪ್ರತಿ ಸಲ ತಳ್ಳಿಹಾಕುತ್ತಿದ್ದರು. ಈ ಸಲ ಮೊಮ್ಮಗಳು ಕೈಹಿಡಿದು ಹತ್ತಿಸಿಕೊಂಡಳು.

ಪಾವಗಡದ ಸೋಲಾರ್ ಪಾರ್ಕ್ ಬಗ್ಗೆ ನೀವು ಪೇಪರಿನಲ್ಲಿ ಓದಿರುತ್ತೀರಿ. 2018ರ ಮಾರ್ಚ್‌ನಲ್ಲಿ ಮೊದಲ ಹಂತ ಉದ್ಘಾಟನೆಯಾಯಿತು. ತಿರುಮಣಿ, ವಳ್ಳೂರು, ಬಳಸಮುದ್ರ ಸೇರಿ ಐದು ಹಳ್ಳಿಗಳ ಸುಮಾರು 13 ಸಾವಿರ ಎಕರೆ, 2,050 ಮೆಗಾವ್ಯಾಟ್. ಅಂಕಿ ಓದುವುದು ಬೇರೆ, ನೋಡುವುದು ಬೇರೆ. ಕೆಂಪು ನೆಲದ ದಿಣ್ಣೆಯೊಂದನ್ನು ಹತ್ತಿ ಇಳಿಯುತ್ತಿದ್ದ ಹಾಗೆ ಎದುರಿಗೆ ನೀಲಿ ನೀರು ಕಂಡಿತು. ಕಣ್ಣಿಗೆ ಎಟುಕುವವರೆಗೂ ನೀರು. ಮಗಳು “ಕೆರೆ!” ಅಂತ ಕೂಗಿಯೂಬಿಟ್ಟಳು. ಬಳಸಮುದ್ರ ಅಂತ ಊರಿನ ಹೆಸರಲ್ಲೇ ಸಮುದ್ರವಿದೆ ನೋಡಿ, ಆ ಹೆಸರಿಗೆ ಈಗ ಅರ್ಥ ಬಂದ ಹಾಗಿತ್ತು. ಹತ್ತಿರ ಹೋದಾಗ ಗಾಜಿನ ಹಲಗೆಗಳು, ಎಲ್ಲವೂ ಒಂದೇ ಓರೆಯಲ್ಲಿ ಆಕಾಶ ನೋಡುತ್ತಾ. ನಡುನಡುವೆ ನೇರ ಟಾರು ರಸ್ತೆ, ಎರಡೂ ಕಡೆ ತಂತಿಬೇಲಿ. ತೆಳ್ಳಗಿನ ಗುಂಯ್ ಸದ್ದು ಬಿಟ್ಟರೆ ಏನೂ ಕೇಳದು.

ಅತ್ತೆ ಕಾರಿನಿಂದಿಳಿದು ಬೇಲಿಯ ಪಕ್ಕ ನಿಂತರು. ಅವರ ಮೂರೂವರೆ ಎಕರೆ ಇದರೊಳಗೆ ಎಲ್ಲೋ ಇದೆ. ಮೊದಲು ಹುಣಸೆಮರ ಹುಡುಕಿದರು, ಅದಿರಲಿಲ್ಲ. ಬದು ಇಲ್ಲ, ಬಾವಿ ಇಲ್ಲ, ಗಾಡಿದಾರಿ ಇಲ್ಲ. ಒಂದು ಕಂಬಕ್ಕೂ ಇನ್ನೊಂದಕ್ಕೂ ವ್ಯತ್ಯಾಸವಿಲ್ಲ. ಮೊಬೈಲಿನಲ್ಲಿ ಮ್ಯಾಪ್ ತೆಗೆದು ಸರ್ವೆ ನಂಬರ್ ಪ್ರಕಾರ ಹುಡುಕೋಣ ಅಂತ ಮಗ ಹೇಳಿದಾಗ ಅವರು ಕೇಳಿಸಿಕೊಳ್ಳಲೇ ಇಲ್ಲ. ತಲೆಯೆತ್ತಿ ದೂರದ ಗುಡ್ಡಗಳನ್ನು ನೋಡಿದರು. ಹತ್ತು ಹೆಜ್ಜೆ ಎಡಕ್ಕೆ ನಡೆದರು, ಮತ್ತೆ ನೋಡಿದರು. ಇನ್ನೂ ಮುಂದೆ ಹೋದರು. ಒಂದು ಗುಡ್ಡದ ಮೂಗು ಇನ್ನೊಂದು ಗುಡ್ಡದ ಹೆಗಲಿನ ಮೇಲೆ ಕೂತ ಹಾಗೆ ಕಾಣುವ ಜಾಗಕ್ಕೆ ಬಂದಾಗ ನಿಂತು, “ಅಕಾ, ಅಲ್ಲಿ” ಅಂತ ಬೆರಳು ತೋರಿಸಿದರು. “ಊಟ ಬಿಚ್ಚೋಕೆ ಕೂತ್ರೆ ಹಿಂಗೇ ಕಾಣ್ತಿತ್ತು.”

ಯಜಮಾನರು ಫೋನು ಜೇಬಿಗಿಟ್ಟುಕೊಂಡರು.

ಹೊಲ ಹೋಯಿತು ಅಂತ ಅತ್ತೆ ಅಳುವವರಲ್ಲ. ಲೆಕ್ಕ ಗಟ್ಟಿ. ಎಕರೆಗೆ ವರ್ಷಕ್ಕೆ 21 ಸಾವಿರ ರೂಪಾಯಿಯಿಂದ ಗುತ್ತಿಗೆ ಶುರುವಾಗಿ, ಎರಡು ವರ್ಷಕ್ಕೊಮ್ಮೆ ಶೇ 5 ಏರುತ್ತದೆ. ಮೂರೂವರೆ ಎಕರೆಗೆ ಮೊದಲ ವರ್ಷ 73,500. “ಕಡ್ಲೆಕಾಯಿ ಇಟ್ಟು ಹತ್ತು ವರ್ಷದಾಗೆ ಏಳು ವರ್ಷ ಬೀಜದ ದುಡ್ಡೂ ಬಂದಿಲ್ಲ. ಬೋರು ಮೂರು ಕೊರೆಸಿ ಮೂರೂ ಒಣಗ್ದೋ. ಬಿಸಿಲೊಂದೇ ಯಾವತ್ತೂ ಕೈಕೊಡದ ಬೆಳೆ ನಮ್ಮೂರಲ್ಲಿ” ಅನ್ನುತ್ತಾರೆ. ಆದರೆ ಕರಾರು 28 ವರ್ಷದ್ದು. ಮುಗಿಯುವಾಗ ಅವರಿಗೆ ತೊಂಬತ್ತರ ಹತ್ತಿರವಾಗಿರುತ್ತದೆ. ಬೇಲಿ ಹಿಡಿದುಕೊಂಡೇ ಮಗನನ್ನು ಕೇಳಿದರು: “ಬಿಟ್ಟುಕೊಟ್ಟಾಗ ಈ ಕಂಬ ಕಿತ್ತು ಕೊಡ್ತಾರೋ, ಹಂಗೇ ಬಿಟ್ಟು ಹೋಗ್ತಾರೋ? ಬದು ಯಾರು ಗುರುತು ಹಿಡಿತಾರೆ?” ಮಗ ಮೊಮ್ಮಗಳ ಕಡೆ ನೋಡಿದರು. ಆ ಹೊತ್ತಿಗೆ ಗುರುತು ಹಿಡಿಯಬೇಕಾದವಳು ಅವಳೇ. ಅವಳಿಗೆ ಗುತ್ತಿಗೆಯ ಕಾಗದ ಗೊತ್ತಿಲ್ಲ, ಗುಡ್ಡದ ಮೂಗು ಮಾತ್ರ ಈಗ ಗೊತ್ತಾಗಿದೆ. ಅದೇ ಜಾಗದಲ್ಲಿ ನಿಂತು ಒಂದು ಫೋಟೊ ತೆಗೆದಳು, ಅಜ್ಜಿ ಬೆರಳು ತೋರಿಸುತ್ತಿರುವುದು.

ವಾಪಸು ಊರೊಳಗೆ ಬಂದಾಗ ನಮ್ಮ ವರ್ಕ್‌ಶಾಪಿನ ಹುಡುಗನೊಬ್ಬನ ತಾಯಿ ಸಿಕ್ಕರು. ಅತ್ತೆಯ ಹೊಲದಲ್ಲಿ ಇಪ್ಪತ್ತು ವರ್ಷ ಕಳೆ ಕಿತ್ತವರು. ಸ್ವಂತ ಹೊಲ ಇಲ್ಲ. ನಾಲ್ಕು ಕುರಿ ಇತ್ತು, ಮೇಯಿಸಲು ಬೀಳುನೆಲ ಉಳಿಯದ ಮೇಲೆ ಮಾರಿದ್ದಾರೆ. ಇಬ್ಬರೂ ಕೈ ಹಿಡಿದುಕೊಂಡು ಕಟ್ಟೆಯ ಮೇಲೆ ಕೂತು ಬಹಳ ಹೊತ್ತು ಮಾತಾಡಿದರು. ಮಧ್ಯದಲ್ಲಿ ಆಕೆ ನಗುತ್ತಲೇ ಹೇಳಿದ್ದು ನನ್ನ ಕಿವಿಗೆ ಬಿತ್ತು. “ನಿಂಗೆ ಹೊಲ ಹೋದ್ರೂ ವರ್ಸಕ್ಕೊಂದ್ಸಲ ದುಡ್ಡು ಬತ್ತೈತೆ ಅಕ್ಕಾ. ನಂದು ಹೋಗಿದ್ದು ಕೂಲಿ. ಕೂಲಿಗ್ಯಾರು ಗುತ್ತಿಗೆ ಕೊಡ್ತಾರೆ?”

ಅತ್ತೆಯ ಗುತ್ತಿಗೆ ಹಣದಲ್ಲಿ ಮೂರು ವರ್ಷದ್ದು ನಮ್ಮ ಸಿಎನ್‌ಸಿ ಮೆಷಿನ್ನಿನ ಮುಂಗಡಕ್ಕೆ ಹೋಗಿದೆ. ಆ ಮೆಷಿನ್ನನ್ನು ಈಗ ನಡೆಸುವವನು ಈಕೆಯ ಮಗ. ಲೆಕ್ಕದ ಪುಸ್ತಕ ನನ್ನ ಹತ್ತಿರವೇ ಇದೆ, ಎರಡೂ ಅಂಕಿ ಒಂದೇ ಪುಟದಲ್ಲಿ ಬರುತ್ತವೆ. ಆ ವರ್ಷ ಹುಡುಗನ ಬೋನಸ್ಸಿನ ವಿಷಯದಲ್ಲಿ ಅತ್ತೆಗೂ ಮಗನಿಗೂ ಆ ರಾತ್ರಿ ನಡೆದ ಮಾತುಕತೆಯನ್ನು ಇಲ್ಲಿ ಬರೆಯುವುದಿಲ್ಲ. ಅತ್ತೆ ಗೆದ್ದರು ಅಂತ ಮಾತ್ರ ಹೇಳುತ್ತೇನೆ.

ಸಂಜೆ ಊರಿನವರ ಜೊತೆ ಬನ್ನಿ ತಂದೆವು. ಇಲ್ಲೊಂದು ಸಂಗತಿ. ನಾವು ವಿಜಯದಶಮಿಗೆ ಪೂಜೆ ಮಾಡುವ ಬನ್ನಿಮರವೇ ರಾಜಸ್ಥಾನದವರ ಖೇಜಡಿ, ಆ ರಾಜ್ಯದ ರಾಜ್ಯವೃಕ್ಷ. ಮರುಭೂಮಿಯ ಮರ. ರಸ್ತೆಬದಿಯಲ್ಲೆಲ್ಲ ನುಗ್ಗಿ ಬೆಳೆದಿರುವ ಬಳ್ಳಾರಿ ಜಾಲಿ ಇದರ ಬಂಧುವೇ, ಆದರೆ ಹುಟ್ಟಿದ್ದು ಅಮೆರಿಕ ಖಂಡದಲ್ಲಿ. ತಮ್ಮನ ಫೋಟೊಗಳಲ್ಲಿ ಕಾಣುವ ಮೆಸ್ಕೀಟ್ ಅನ್ನುವ ಮುಳ್ಳುಗಿಡವೂ ಇದೇ ಬಳಗ. ಮಗಳು ಬನ್ನಿ ಎಲೆಯ ಫೋಟೊ ತೆಗೆದು ಮಾವನಿಗೆ ಕಳಿಸಿದಳು. “ನಮ್ಮ ಅಪಾರ್ಟ್‌ಮೆಂಟಿನ ಮುಂದೆ ಇಂಥದ್ದೇ ಇದೆಯಲ್ಲ!” ಅಂತ ಉತ್ತರ ಬಂತು.

ಎರಡನೇ ದಿನ ಪರಶುರಾಂಪುರದ ಕಡೆಯಿಂದ ಚಳ್ಳಕೆರೆಗೆ. ಇಲ್ಲಿ ಕೆಂಪು ಕರಗಿ ನೆಲ ಒಣಹುಲ್ಲಿನ ಬಣ್ಣಕ್ಕೆ ಬರುತ್ತದೆ. ಮರವಿಲ್ಲ, ಆಕಾಶ ತುಂಬಾ ದೊಡ್ಡದು. ಇವು ಅಮೃತಮಹಲ್ ಕಾವಲುಗಳು. ಹೈದರ್, ಟಿಪ್ಪು ಕಾಲದಲ್ಲಿ ಫಿರಂಗಿ ಎಳೆದ ಎತ್ತುಗಳ ತಳಿಗೆ ಮೀಸಲಾದ ಹುಲ್ಲುಗಾವಲು. ಮ್ಯಾಸಬೇಡರ ದೇವರ ಎತ್ತುಗಳು, ಕುರುಬರ ಕುರಿಗಳು, ಆ ಕುರಿಯ ಉಣ್ಣೆಯಿಂದ ಚಳ್ಳಕೆರೆಯ ಕರಿ ಕಂಬಳಿ, ಎಲ್ಲ ಈ ಹುಲ್ಲಿನಿಂದಲೇ. ದೂರದಿಂದ ನೋಡಿದವರಿಗೆ ಮಾತ್ರ ಇದು ಖಾಲಿ ಜಾಗ. ಹಾಗೆಯೇ ಖಾಲಿ ಅಂತ ಕಂಡಿದ್ದರಿಂದಲೇ ಇಲ್ಲಿನ ಸುಮಾರು 10 ಸಾವಿರ ಎಕರೆ ರಕ್ಷಣಾ ಸಂಶೋಧನೆ, ಅಣುಶಕ್ತಿ, ಇಸ್ರೊ, ಭಾರತೀಯ ವಿಜ್ಞಾನ ಸಂಸ್ಥೆಗಳಿಗೆ ಹೋಯಿತು, ವಿಷಯ ಹಸಿರು ನ್ಯಾಯಮಂಡಳಿಯವರೆಗೂ ಹೋಯಿತು. ಈಗ ರಸ್ತೆಯ ಪಕ್ಕ ಕಿಲೋಮೀಟರುಗಟ್ಟಲೆ ಕಾಂಪೌಂಡು ಗೋಡೆ. ಗೋಡೆಯ ನೆರಳಿನಲ್ಲಿ ಕುರಿಗಳು.

ಚಂದ್ರಯಾನದ ಲ್ಯಾಂಡರ್ ಪರೀಕ್ಷೆಗೆಂದು ಇಸ್ರೊ ಚಂದ್ರನ ಮೇಲಿರುವಂಥ ಗುಂಡಿಗಳನ್ನು ತೋಡಿಸಿದ್ದು ಇಲ್ಲೇ, ಉಳ್ಳಾರ್ತಿ ಕಾವಲಿನಲ್ಲಿ. ವಿಕ್ರಮ್ ಚಂದ್ರನ ಮೇಲೆ ಇಳಿದು ಆಗಿನ್ನೂ ಎರಡು ತಿಂಗಳಾಗಿತ್ತು. ಮಗಳಿಗೆ ಎಲ್ಲಿಲ್ಲದ ಹೆಮ್ಮೆ. ನನಗೂ ಅನ್ನಿ. ಹೆಮ್ಮೆ ಪಡುತ್ತಲೇ ಗೋಡೆಯ ಪಕ್ಕದ ಕುರಿಗಾಹಿಯನ್ನು ಹುಲ್ಲಿಗೆ ಎಲ್ಲಿಗೆ ಹೋಗುತ್ತೀರಿ ಅಂತ ಕೇಳಿದೆ. “ಎಲ್ಲಿ ಬಿಡ್ತಾರೋ ಅಲ್ಲಿಗೆ” ಅಂದರು.

ಚಳ್ಳಕೆರೆಯಲ್ಲಿ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ. ಕಡಲೆಕಾಯಿ ಎಣ್ಣೆಯ ಊರು, ಬಜ್ಜಿಯ ರುಚಿಯೇ ಬೇರೆ. ಮೊಳಕಾಲ್ಮೂರಿನಲ್ಲಿ ಸೀರೆ ನೋಡಲು ಒಂದು ಗಂಟೆ, ಕೊಳ್ಳಲು ಹತ್ತು ನಿಮಿಷ. ಇದೇ ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿ ಅಶೋಕನ ಶಾಸನಗಳಿವೆ. 1892ರಲ್ಲಿ ಬಿ.ಎಲ್. ರೈಸ್ ಪತ್ತೆ ಮಾಡಿದ್ದು. ಕಲ್ಲಿಗೆ ಕೋಣೆ ಕಟ್ಟಿ ಕಾಪಾಡಿದ್ದಾರೆ. ಸಾಮ್ರಾಟನೊಬ್ಬ ಇಲ್ಲಿಯವರೆಗೆ ಆಜ್ಞೆ ಕಳಿಸಿದ್ದಾನೆ ಅಂದರೆ ಓದಲು, ಓದಿಸಿಕೇಳಲು ಇಲ್ಲಿ ಸಾಕಷ್ಟು ಜನ ಇದ್ದರು ಅಂತಲೇ ಅರ್ಥ ಅಲ್ಲವೇ? ಶಾಸನದಲ್ಲಿ ಬರುವ ಊರಿನ ಹೆಸರು ‘ಇಸಿಲ’.

ಆ ಮಧ್ಯಾಹ್ನ ಕಂಡದ್ದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. ಮೊಳಕಾಲ್ಮೂರಿನಿಂದ ರಾಯದುರ್ಗ ಹತ್ತಿರ. ಇದು ಮೊದಲು ಬಳ್ಳಾರಿ ಜಿಲ್ಲೆಯ ತಾಲ್ಲೂಕು. 1953ರ ಅಕ್ಟೋಬರ್ 1ರಂದು ಬಳ್ಳಾರಿ ಮೈಸೂರಿಗೆ ಸೇರಿದಾಗ ಆದೋನಿ, ಆಲೂರು, ರಾಯದುರ್ಗ ಆಂಧ್ರಕ್ಕೆ ಹೋದವು. ಈಗಲೂ ಹಳ್ಳಿಗಳಲ್ಲಿ ಕನ್ನಡಕ್ಕೆ ಕನ್ನಡದಲ್ಲೇ ಉತ್ತರ ಸಿಗುತ್ತದೆ. ರಾಯದುರ್ಗದಿಂದ ಕಣೇಕಲ್ಲು ಕಡೆ ಹೊರಟರೆ ಅಡ್ಡ ಸಿಗುವುದು ಹಗರಿ ಹೊಳೆ. ಬಾಬಾಬುಡನ್ ಬೆಟ್ಟದ ಕಡೆ ಹುಟ್ಟುವ ವೇದಾವತಿಯೇ ಇಲ್ಲಿ ಹಗರಿ. ಹಿರಿಯೂರಿನ ಬಳಿ ಮಾರಿಕಣಿವೆಯಲ್ಲಿ 1907ರಲ್ಲಿ ಅಣೆಕಟ್ಟು ಮುಗಿದ ಮೇಲೆ ಕೆಳಗೆ ಬರುವ ನೀರು ಕಡಿಮೆಯಾಯಿತು. ಆ ಜಲಾಶಯ 1933ರಲ್ಲಿ ತುಂಬಿದ್ದು ಬಿಟ್ಟರೆ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ, 89 ವರ್ಷಕ್ಕೆ. ಈ ನಡುವೆ ಹೊಳೆ ಅಂದರೆ ಬಹುಪಾಲು ಮರಳು. ಹೊಳೆ ಅಗಲವಾಗಿದೆ, ನೀರಿಲ್ಲದೆ ಇನ್ನೂ ಅಗಲವಾಗಿ ಕಾಣುತ್ತದೆ.

ಆ ಮರಳು ಹೊಳೆಯಲ್ಲೇ ಇದ್ದಿದ್ದರೆ ಮಾತಿರಲಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪಶ್ಚಿಮದಿಂದ ಬೀಸುವ ಗಾಳಿ ಅದನ್ನೆತ್ತಿ ಪೂರ್ವದ ದಂಡೆಗೆ ಹಾಕುತ್ತದೆ. ಚಿತ್ರದುರ್ಗದ ಬೆಟ್ಟಗಳ ಮೇಲೆ ಗಾಳಿಯಂತ್ರ ತಿರುಗಿಸುವುದೂ ಇದೇ ಗಾಳಿ. ಹೀಗೆ ಕಣೇಕಲ್ಲು, ಬೊಮ್ಮನಹಾಳ್ ಮಂಡಲಗಳಲ್ಲಿ ಮರಳಿನ ದಿಬ್ಬಗಳು ಎದ್ದಿವೆ. ಮಗಳು ಕಾರು ನಿಲ್ಲುವ ಮೊದಲೇ ಬಾಗಿಲು ತೆಗೆದಳು. ಹೊನ್ನಿನ ಬಣ್ಣದ ಅಲೆಅಲೆ ಮರಳು, ಮೇಲೆ ಗಾಳಿ ಗೀಚಿದ ಗೆರೆ, ದಿಬ್ಬದ ನೆತ್ತಿಯಲ್ಲಿ ಕತ್ತುಮಟ್ಟ ಹೂತ ಈಚಲುಗಿಡ. ಸಿನಿಮಾದಲ್ಲಿ ಕಂಡ ರಾಜಸ್ಥಾನವೇ. ಅವಳು ಚಪ್ಪಲಿ ಕೈಲಿ ಹಿಡಿದು ಮೇಲೆ ಓಡಿದಳು. ನಾನೂ ಹತ್ತಿದೆ, ಮಂಡಿ ನೋವನ್ನು ಮರೆತು.

ಮೇಲಿನಿಂದ ನೋಡಿದರೆ ವಿಚಿತ್ರ. ಒಂದು ಕಡೆ ಹೊಳೆಯ ಬಿಳಿ, ಕಾಲಡಿ ಚಿನ್ನದ ಬಣ್ಣ, ಇನ್ನೊಂದು ಕಡೆ ತುಂಗಭದ್ರೆಯ ಎಚ್‌ಎಲ್‌ಸಿ ಕಾಲುವೆ ನೀರಿನ ಹಸಿರು. ಮೂರೂ ಒಂದೇ ನೋಟದಲ್ಲಿ. ಕೆಳಗೆ ಹೊಲದಲ್ಲಿ ಒಬ್ಬ ಹಿರಿಯರು ಸಲಿಕೆಯಿಂದ ಮರಳನ್ನು ಬದುವಿನಾಚೆ ಎಸೆಯುತ್ತಿದ್ದರು. ಅತ್ತೆ ನೇರ ಅಲ್ಲಿಗೇ ಹೋದರು. ನಾವು ಇಳಿದು ಬರುವಷ್ಟರಲ್ಲಿ ಇಬ್ಬರ ನಡುವೆ ಕನ್ನಡ, ತೆಲುಗು ಬೆರೆತ ದೊಡ್ಡ ಮಾತುಕತೆ ನಡೆದಿತ್ತು.

“ಆಷಾಢದಾಗ ಬರ್ರಿ ತಾಯಿ, ಕಣ್ಣು ಬಿಡಾಕ ಆಗಲ್ಲ” ಅಂದರು ಅವರು. “ಮುಂಜಾನೆ ಬಿತ್ತಿದ ಸಾಲು ಸಂಜೀಕ ಕಾಣಂಗಿಲ್ಲ. ಗಾಳಿ ನಿಂತ ಮ್ಯಾಲೆ ತೆಗೀತೀವಿ. ಮುಂದಿನ ವರ್ಷ ಮತ್ತ ಬರ್ತೈತಿ.”

“ನಿಮ್ಮ ಹೊಲ ಎಲ್ಲೀವರೆಗೈತೆ ಅಂತ ಹೆಂಗೆ ಗೊತ್ತಾಗ್ತದೆ, ಬದು ಮುಚ್ಚಿಹೋದಮೇಲೆ?” ಅತ್ತೆಯ ಪ್ರಶ್ನೆ.

ಅವರು ಸಲಿಕೆ ಎತ್ತಿ ಎರಡು ಮರ ತೋರಿಸಿದರು. ಆ ಬೇವಿನಿಂದ ಈ ಬೇವಿಗೆ. ಅತ್ತೆ ತಲೆಯಾಡಿಸಿದರು, ತಮ್ಮ ಗುಡ್ಡದ ಮೂಗಿನ ಲೆಕ್ಕವನ್ನು ಅವರಿಗೆ ವಿವರಿಸಿ ಹೇಳಿದರು. ಅವರು ಗಂಭೀರವಾಗಿ ಕೇಳಿಸಿಕೊಂಡು, “ಹೌದ್ರಿ, ಮರಕ್ಕಿಂತ ಗುಡ್ಡನೇ ಗಟ್ಟಿ” ಅಂದರು.

ತಲಕಾಡಿನ ಮರಳಿಗೆ ಅಲಮೇಲಮ್ಮನ ಶಾಪದ ಕಥೆಯಾದರೂ ಇದೆ, ಪಂಚಲಿಂಗ ದರ್ಶನಕ್ಕೆ ಜನ ಹೋಗುತ್ತಾರೆ. ಈ ಮರಳಿಗೆ ಕಥೆಯೂ ಇಲ್ಲ, ದರ್ಶನವೂ ಇಲ್ಲ. ಬೆಂಗಳೂರಿನಿಂದ ಬಂದು ಅದರ ಮೇಲೆ ಓಡಿ ಫೋಟೊ ತೆಗೆದುಕೊಂಡವರು ಬಹುಶಃ ನಾವೇ ಆ ವಾರ. ಮಗಳು ಫೋಟೊ ಹಾಕುವಾಗ ‘ಮಿನಿ ಡೆಸರ್ಟ್’ ಅಂತ ಬರೆದಿದ್ದಳು. ರಾತ್ರಿ ಬಳ್ಳಾರಿಯ ಲಾಡ್ಜಿನಲ್ಲಿ ಅದನ್ನು ಅಳಿಸಿ ‘ಒಬ್ಬರ ಹೊಲ’ ಅಂತ ಬದಲಾಯಿಸಿದಳು. ಯಾರೂ ಹೇಳಿರಲಿಲ್ಲ.

ಬಳ್ಳಾರಿಯಲ್ಲಿ ಬೆಳಿಗ್ಗೆ ಒಗ್ಗರಣೆ, ಮಿರ್ಚಿ ತಿಂದು ಹೊಸಪೇಟೆ ರಸ್ತೆ ಹಿಡಿದೆವು. ಇಲ್ಲಿಯ ಜನ ಮಣ್ಣಿಗೆ ಎರಡೇ ಹೆಸರು ಇಟ್ಟುಕೊಂಡಿದ್ದಾರೆ, ಎರೆ ಮತ್ತು ಮಸಾರಿ. ಎರೆ ಅಂದರೆ ಕಪ್ಪು, ಹತ್ತಿಯ ನೆಲ. ಮಳೆ ಬಂದರೆ ಕಾಲು ಕಿತ್ತುಕೊಳ್ಳಲು ಬಿಡುವುದಿಲ್ಲ, ಬಿಸಿಲಿಗೆ ಕೈ ತೂರುವಷ್ಟು ಬಿರುಕು. ಮಸಾರಿ ಅಂದರೆ ಕೆಂಪು. ಎರಡೂ ಒಂದೇ ಹೊಲದಲ್ಲಿ ಸಂಧಿಸುವ ಜಾಗಗಳಿವೆ, ಸೀರೆಯ ಒಡಲಿಗೂ ಅಂಚಿಗೂ ಇರುವ ಹಾಗೆ ಗೆರೆ ಕಾಣುತ್ತದೆ.

ಕುಡತಿನಿಯಲ್ಲಿ ಬೂದಿಯ ದಿಬ್ಬವಿದೆ, ತಪ್ಪದೆ ನೋಡಿ. ಹಿಡಿಂಬನನ್ನು ಭೀಮ ಸುಟ್ಟ ಬೂದಿ ಅಂತ ಹಳೆಯ ಮಾತು. ಸಂಶೋಧಕರು ಹೇಳುವುದು ನಾಲ್ಕೈದು ಸಾವಿರ ವರ್ಷದ ಹಿಂದಿನ ದನಗಾಹಿಗಳ ದೊಡ್ಡಿಯ ಸಗಣಿ ಸುಟ್ಟ ಬೂದಿ, ವರ್ಷ ವರ್ಷ ಒಟ್ಟಿ ಒಟ್ಟಿ ಬೆಟ್ಟವಾದದ್ದು. ಹಿಂದಿನ ದಿನ ಚಳ್ಳಕೆರೆಯ ಕಾವಲು ನೋಡಿ ಬಂದಿದ್ದ ನನಗೆ ಹಿಡಿಂಬನ ಕಥೆಗಿಂತ ಇದೇ ಹೆಚ್ಚು ರುಚಿಸಿತು.

ತೋರಣಗಲ್ಲಿನ ಉಕ್ಕಿನ ಕಾರ್ಖಾನೆ ದಾಟಿ ಸಂಡೂರಿಗೆ ತಿರುಗಿದರೆ ಬಣ್ಣ ಬೇರೆಯದೇ. ಇದು ಇಟ್ಟಿಗೆ ಕೆಂಪಲ್ಲ, ಒಣಗಿದ ರಕ್ತದ ಕೆಂಪು. ರಸ್ತೆ, ಎಲೆ, ಹೆಂಚು, ಲಾರಿ, ಲಾರಿಯ ಮೇಲಿನ ಹುಡುಗನ ರೆಪ್ಪೆ ಎಲ್ಲದರ ಮೇಲೂ ಅದೇ. ಈ ಅದಿರಿನ ಬೆಟ್ಟಗಳಿಗೆ ಸುಮಾರು 270 ಕೋಟಿ ವರ್ಷ ವಯಸ್ಸು. ತಮ್ಮನ ಪೇಂಟೆಡ್ ಡೆಸರ್ಟಿಗೆ 20 ಕೋಟಿ ಚಿಲ್ಲರೆ, ಇದರ ಮುಂದೆ ಎಳೆಗೂಸು. ಅದಿರಿನ ಲೂಟಿಯ ವರ್ಷಗಳಲ್ಲಿ ಇಲ್ಲಿ ಏನಾಯಿತು ಅನ್ನುವುದು ಲೋಕಾಯುಕ್ತ ವರದಿಯಲ್ಲಿದೆ. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿತು, ಆಮೇಲೆ ಮಿತಿ ಹಾಕಿ ಬಿಟ್ಟಿತು. ಯಜಮಾನರು ಗಣಿಯ ಮೆಟ್ಟಿಲುಗಳನ್ನು ನೋಡುತ್ತಾ ಬಹಳ ಹೊತ್ತು ನಿಂತರು. ಪೀಣ್ಯದಲ್ಲಿ ನಾವು ಕೊಯ್ದು, ಕೊರೆದು, ಉಜ್ಜುವ ಕಬ್ಬಿಣದ ಒಂದಿಷ್ಟಾದರೂ ಇಲ್ಲಿಂದ ಹೊರಟಿರಬೇಕು.

ಆದರೂ ಸಂಡೂರು ಸುಂದರ. ನಾರಿಹಳ್ಳದ ನೀರು, ಕುಮಾರಸ್ವಾಮಿ ಗುಡಿಯ ದಾರಿಯ ಕಾಡು, ಆ ಬರದ ವರ್ಷದಲ್ಲೂ ಹಸಿರಾಗಿತ್ತು. ಅಲ್ಲಿಂದ ಕೂಡ್ಲಿಗಿ, ಚಿತ್ರದುರ್ಗ, ಆಮೇಲೆ ಪರಿಚಿತ ಹೆದ್ದಾರಿ. ಮನೆ ಸೇರುವಾಗ ಮೀಟರು ಏಳುನೂರು ಕಿಲೋಮೀಟರ್ ದಾಟಿತ್ತು, ಬಿಳಿ ಕಾರು ಇಟ್ಟಿಗೆ ಬಣ್ಣವಾಗಿತ್ತು.

ಹೋಗುವವರಿಗೆ ಒಂದೆರಡು ಮಾತು. ಕುಡಿಯುವ ನೀರು ಮನೆಯಿಂದಲೇ ಧಾರಾಳ ಒಯ್ಯಿರಿ. ಏಪ್ರಿಲ್, ಮೇ ಬೇಡ. ಅಕ್ಟೋಬರ್‌ನಿಂದ ಫೆಬ್ರುವರಿ ಒಳ್ಳೆಯದು, ಬೆಳಿಗ್ಗೆ ಎಂಟರೊಳಗೆ ಮತ್ತು ಸಂಜೆ ಐದರ ಮೇಲೆ ಬಣ್ಣಗಳು ಚೆನ್ನ. ಸೋಲಾರ್ ಪಾರ್ಕಿನಲ್ಲಿ ಸಾರ್ವಜನಿಕ ರಸ್ತೆಯಿಂದಲೇ ನೋಡಿ, ಬೇಲಿ ದಾಟಬೇಡಿ. ಮರಳಿನ ದಿಬ್ಬಗಳ ಸುತ್ತ ಇರುವುದು ರೈತರ ಹೊಲ, ಕಾರು ರಸ್ತೆಯಲ್ಲೇ ನಿಲ್ಲಿಸಿ ಕೇಳಿಕೊಂಡು ಹೋಗಿ.

ಅತ್ತೆ ಈಗ ಇನ್ನೊಂದು ಹಟ ಹಿಡಿದಿದ್ದಾರೆ. ಗಾಳಿ ಕಾಲದಲ್ಲಿ ಆ ಮರಳು ಹೇಗೆ ಏಳುತ್ತದೋ ನೋಡಬೇಕಂತೆ, ಆ ಹಿರಿಯರಿಗೆ ಹಾಗೆ ಮಾತು ಕೊಟ್ಟು ಬಂದಿದ್ದಾರಂತೆ. ಆಷಾಢದಲ್ಲಿ ವರ್ಕ್‌ಶಾಪಿಗೆ ರಜೆ ಇಲ್ಲ ಅಂತ ಮಗ ಹೇಳಿ ನೋಡಿದರು. “ನೀನು ಬರಬೇಡ ಬಿಡು, ರಾಯದುರ್ಗಕ್ಕೆ ಬಸ್ಸೈತೆ” ಅಂದಿದ್ದಾರೆ.